ಮೊಮ್ಮಗಳ ಉಪವಾಸ, ನನ್ನ ಸಾಕ್ಷಿ

ನನ್ನ ಮೊಮ್ಮಗಳು ಶಾಲಿನಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿ ಕೊಡುತ್ತೇನೆ. ಮಿಕ್ಸರ್ ತಿರುಗುತ್ತಿದ್ದರೆ ನಿಲ್ಲಿಸುತ್ತೇನೆ. ಟಿ.ವಿ. ಜೋರಿದ್ದರೆ ಮಗನ ಕಡೆ ಕಣ್ಣು ಬಿಡುತ್ತೇನೆ, ಅವನು ಸಪ್ಪಳ ಕಡಿಮೆ ಮಾಡುತ್ತಾನೆ. ಒಳಗಿಂದ ಸಳಸಳ ಸದ್ದು ಬಂತೆಂದರೆ ನನ್ನ ಎದೆ ತಣ್ಣಗಾಗುತ್ತದೆ. ನಗಬೇಕೆನಿಸಿದವರು ನಗಲಿ. ಬಂಗಾರ ಸಿಕ್ಕವರಿಗೂ ನನ್ನಷ್ಟು ಸಂತೋಷ ಆಗಿರಲಿಕ್ಕಿಲ್ಲ. ನನ್ನ ಮೊಮ್ಮಗಳು ಉಚ್ಚೆ ಹೊಯ್ಯುತ್ತಾಳೆ! ಇದನ್ನು ಹೇಳಲಿಕ್ಕೇ ಈ ವಯಸ್ಸಿನಲ್ಲಿ ಪೆನ್ನು ಹಿಡಿದಿದ್ದೇನೆ.

ನಾನು ಶಾಂತಮ್ಮ, ಭಾಲ್ಕಿಯವಳು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡಿ ಹಾಕುತ್ತ ವಯಸ್ಸು ಕಳೆದೆ. ನನ್ನ ಓದು ನಾಲ್ಕನೆಯ ತರಗತಿಗೇ ನಿಂತಿತು. ಇದನ್ನು ನಾನೇ ಬರೆದಿದ್ದೇನೆ, ಒತ್ತಕ್ಷರ ಮಾತ್ರ ಶಾಲಿನಿ ತಿದ್ದಿದ್ದಾಳೆ. ಬೀದರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ, "ನಮ್ಮ ಮನೆಯಲ್ಲೂ ಹೀಗೇ ಆಗಿತ್ತು, ನಮ್ಮ ಕೂಸು ಉಳಿದು ಬಂತು" ಎಂದು ಹೇಳುವ ಒಬ್ಬರಾದರೂ ಸಿಗಲಿ ಎಂದು ಎಲ್ಲರ ಮುಖ ನೋಡುತ್ತಿದ್ದೆ. ಯಾರೂ ಸಿಗಲಿಲ್ಲ. ಇವತ್ತು ಯಾವುದೋ ಬೆಂಚಿನ ಮೇಲೆ ನನ್ನ ಹಾಗೆ ಕೂತವರಿಗೆ ಈ ಮಾತು ಮುಟ್ಟಲಿ.

ಶಾಲಿನಿ ನನ್ನ ಮಗ ಸುಧಾಕರನ ಒಬ್ಬಳೇ ಮಗಳು. ಡಿಗ್ರಿ ಮುಗಿಸಿದ ಮೇಲೆ ಅವಳನ್ನು ನರ್ಸಿಂಗಿಗೆ ಹಾಕಬೇಕೆಂದು ಸುಧಾಕರ ಅಂದುಕೊಂಡಿದ್ದ. ನಮ್ಮ ಚರ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳು ಹೆಚ್ಚಾಗಿ ಅದನ್ನೇ ಹಿಡಿಯುವುದು. ಇವಳು, "ನನಗ ಸೂಜಿ ಬ್ಯಾಡ ಪಪ್ಪಾ, ಲಾಠಿ ಬೇಕು" ಎಂದು ಪೊಲೀಸ್ ಪರೀಕ್ಷೆಗೆ ಕೂತಳು. ಬರೆಯುವ ಪರೀಕ್ಷೆ ಪಾಸಾದಳು. ಓಟ, ಉದ್ದ ಜಿಗಿತ, ಗುಂಡು ಎಸೆತ ಉಳಿದಿದ್ದವು. ದಿನಾ ಬೆಳಗಿನ ಜಾವ ಕಾಲೇಜು ಮೈದಾನಕ್ಕೆ ಹೊರಟಳು. ಹೆಣ್ಣುಮಗು ಒಬ್ಬಳೇ ಹೋಗುವುದು ಬೇಡವೆಂದು ನಾನೂ ಬೆನ್ನು ಹತ್ತಿದೆ. ಬೇವಿನ ಗಿಡದ ಕೆಳಗೆ ಅವಳ ಚಪ್ಪಲಿ, ಟವೆಲ್ ಕಾಯುತ್ತ ಕೂಡುವುದು ನನ್ನ ಕೆಲಸ.

ಒಂದು ದಿನ ಮೈದಾನದಿಂದ ಬಂದವಳು ರೊಟ್ಟಿಯ ಬುಟ್ಟಿಯನ್ನು ಆಚೆ ಸರಿಸಿದಳು.

"ಈಗ ತಿನ್ನಂಗಿಲ್ಲ ಆಯಿ. ಹದಿನಾರು ತಾಸು ಹೊಟ್ಟಿ ಖಾಲಿ ಇಡಬೇಕು. ಉಳಿದ ಎಂಟು ತಾಸಿನ್ಯಾಗ ಏನಿದ್ರೂ ಉಣಬೇಕು."

"ಯಾರು ಹೇಳ್ಯಾರ?"

"ಮೊಬೈಲ್‌ದಾಗ ಅದ. ಓಡೋರೆಲ್ಲಾ ಹಿಂಗೇ ಮಾಡ್ತಾರ. ಚರಬಿ ಕರಗಿ ಮೈ ಹಗುರಾಗ್ತದ, ಕಾಲು ಹಾರ್ತಾವ ನೋಡು."

"ನಮ್ಮ ಸಾಲಿ ಪೋರಗೋಳು ಊಟ ಜರಾ ತಡ ಆದ್ರ ತಾಟು ಬಡಿತಿದ್ರು. ನೀ ಹದಿನಾರು ತಾಸು ಹ್ಯಾಂಗ ಇರ್ತಿ?"

"ಅವರೇನು ಪೊಲೀಸ್ ಆಗೋರೇನ್ ಆಯಿ?"

ಮೊದಮೊದಲು ಅವಳ ಮಾತೇ ನಿಜವೆನಿಸಿತು. ನೀರು ಕುಡಿಯುತ್ತಿದ್ದಳು, ಮಧ್ಯಾಹ್ನ ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಗಲ್ಲದ ಮೇಲಿನ ಕೊಬ್ಬು ಇಳಿಯಿತು. ಓಟದಲ್ಲಿ ಅವಳಿಗಿಂತ ಮುಂದಿರುತ್ತಿದ್ದ ಎತ್ತರದ ಹುಡುಗಿಯನ್ನು ಒಂದು ಮುಂಜಾನೆ ಹಿಂದೆ ಹಾಕಿದಾಗ ನಾನು ಬೇವಿನ ಕೆಳಗೆ ಎದ್ದು ನಿಂತು ಚಪ್ಪಲಿ ಹಿಡಿದ ಕೈಯನ್ನೇ ಬೀಸಿದೆ. ಮೈದಾನದ ಹುಡುಗರೆಲ್ಲ ನಕ್ಕರು.

ಅಷ್ಟರಲ್ಲಿ ಗುಡ್ ಫ್ರೈಡೇಗೆ ಮುಂಚಿನ ಉಪವಾಸದ ದಿನಗಳು ಬಂದವು. ನಮ್ಮ ಮೆಥಡಿಸ್ಟ್ ಚರ್ಚಿನಲ್ಲಿ ಆಗ ಹೆಂಗಸರ ಉಪವಾಸ ಕೂಟ ನಡೆಯುತ್ತದೆ. ಮಧ್ಯಾಹ್ನ ಮೂರಕ್ಕೆ ಪ್ರಾರ್ಥನೆ ಮುಗಿದ ಮೇಲೆಯೇ ಬಾಯಿಗೆ ನೀರು. ಆ ಕೂಟದಲ್ಲಿ ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳುವ ಪದ್ಧತಿ ಇದೆ. ಅದಕ್ಕೆ ಸಾಕ್ಷಿ ಹೇಳುವುದು ಅನ್ನುತ್ತೇವೆ. ಒಂದು ಶುಕ್ರವಾರ ನಾನು ಎದ್ದೆ.

"ನನ್ನ ಮೊಮ್ಮಗಳು ಈ ವಯಸ್ಸಿನ್ಯಾಗ ದಿನಾ ಉಪವಾಸ ಮಾಡ್ತಾಳ್ರಿ. ಉಪವಾಸ ಇದ್ದೇ ಓಡ್ತಾಳ. ದೇವರು ಆಕಿ ಕಾಲಿಗೆ ಬಲ ಕೊಟ್ಟಾನ್ರಿ" ಎಂದೆ.

ಮೊಬೈಲಿನ ಸುದ್ದಿ ನನ್ನ ಬಾಯಿಗೆ ಬರಲೇ ಇಲ್ಲ. ಹೆಂಗಸರೆಲ್ಲ "ಸ್ತೋತ್ರ" ಅಂದರು. ಈಗಿನ ಹುಡುಗಿಯರಲ್ಲಿ ಇಂಥವಳು ಎಲ್ಲಿ ಸಿಗುತ್ತಾಳೆ ಎಂದು ಒಬ್ಬಾಕೆ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನಾನು ನೆಲದ ಮೇಲೆ ನಡೆದು ಮನೆಗೆ ಬಂದೆನೋ ತೇಲುತ್ತ ಬಂದೆನೋ ಗೊತ್ತಿಲ್ಲ.

ಮರುದಿನ ಶಾಲಿನಿ ಸಿಟ್ಟಿನಲ್ಲಿ ಮನೆಗೆ ಬಂದಳು. ದಾರಿಯಲ್ಲಿ ಬಾಟಲಿ ಎತ್ತಿ ನೀರು ಕುಡಿಯುವಾಗ ಚರ್ಚಿನ ಒಬ್ಬ ಅಕ್ಕ ನೋಡಿ, "ಏನವ್ವಾ, ಮೂರು ಗಂಟಿ ಆಗಿಬಿಡ್ತೇನು?" ಎಂದು ನಕ್ಕಿದ್ದಳಂತೆ.

"ನಾ ಎಲ್ಲಿ ಚರ್ಚಿನ ಉಪವಾಸ ಮಾಡ್ತೇನಿ ಆಯಿ? ನೀ ಎಲ್ಲರ ಮುಂದ ಸಾಕ್ಷಿ ಹೇಳಿಬಿಟ್ಟಿ. ಈಗ ನೀರು ಕುಡಿದ್ರ ನೀ ಸುಳ್ಳಿ ಆಗ್ತಿ."

"ಹೋಗ್ಲಿ ಬಿಡು, ಕುಡಿ."

"ಬ್ಯಾಡ. ಈಸ್ಟರ್ ತನಾ ನಡಸ್ತೇನಿ. ನೀರಿಲ್ಲದಿದ್ರ ಇನ್ನೂ ಜಲ್ದಿ ಕರಗ್ತದಂತ ಮೊಬೈಲ್‌ದಾಗೂ ಹೇಳ್ಯಾರ."

ಹೀಗೆ ಮೊಬೈಲಿನ ಉಪವಾಸ ಮತ್ತು ಚರ್ಚಿನ ಉಪವಾಸ ನಮ್ಮ ಮನೆಯಲ್ಲಿ ಒಂದಾದವು. ಮೊಬೈಲಿನದರಲ್ಲಿ ನೀರಿತ್ತು, ಓಟವೂ ಇತ್ತು. ಚರ್ಚಿನದರಲ್ಲಿ ನೀರಿಲ್ಲ, ಆದರೆ ಚಾಪೆಯ ಮೇಲೆ ಕೂತಿರುತ್ತೇವೆ, ಓಡುವುದಿಲ್ಲ. ಅವಳು ಇದರ ಓಟ, ಅದರ ಬಾಯಾರಿಕೆ ಎರಡನ್ನೂ ಕಟ್ಟಿಕೊಂಡಳು. ನಮ್ಮ ಕಡೆಯ ಬಿಸಿಲು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆ ದಿನಗಳಲ್ಲಿ ಸೂರ್ಯ ಏಳುವಾಗಲೇ ನೆಲ ಬೆಚ್ಚಗಿರುತ್ತದೆ.

ಕ್ರಮೇಣ ಅವಳ ಓಟ ಕುಂದಿತು. ಎತ್ತರದ ಹುಡುಗಿ ಮತ್ತೆ ಮುಂದೆ ಹೋದಳು, ಆಮೇಲೆ ಉಳಿದವರೂ ಮುಂದೆ ಹೋದರು. ಕೊನೆಯ ಸುತ್ತಿನಲ್ಲಿ ಇವಳ ಕಾಲು ಕೆಸರಿನಿಂದ ಕಿತ್ತು ಇಟ್ಟ ಹಾಗೆ ಏಳುತ್ತಿದ್ದವು. ತಿನ್ನು ಎಂದರೆ ರೇಗುತ್ತಿದ್ದಳು. ಓಟ ಇಳಿದಷ್ಟೂ ಬೈಠಕ್ ಹೆಚ್ಚಿಸಿದಳು. ಎದ್ದು ಕೂತು, ಎದ್ದು ಕೂತು, ಗೋಡೆ ಹಿಡಿದು ನಿಂತು ಮತ್ತೆ ಕೂಡುವಳು. ಒಂದು ದಿನ ಹುಡುಗ ಹುಡುಗಿಯರೆಲ್ಲ ಸೇರಿ ಪರೀಕ್ಷೆಯ ಹಾಗೆಯೇ ಓಟ ಇಟ್ಟುಕೊಂಡರು. ಶಾಲಿನಿ ಕೊನೆಗೆ ಬಂದಳು. ಕೊನೆಗೆ ಬಂದವರು ಎಲ್ಲರೂ ಸಾಕೆನ್ನುವವರೆಗೆ ಬೈಠಕ್ ಹೊಡೆಯಬೇಕೆಂದು ಅವರಲ್ಲೇ ಮಾತಾಗಿತ್ತು. ಅವರು ಸಾಕೆಂದ ಮೇಲೂ ಇವಳು ನಿಲ್ಲಿಸಲಿಲ್ಲ.

ಮನೆಗೆ ಬರುವಾಗ ನನ್ನ ಹೆಗಲ ಮೇಲೆ ಭಾರ ಹಾಕಿ ನಡೆದಳು. ತೊಡೆಗಳು ಕಲ್ಲಿನ ಹಾಗೆ ಬಿಗಿದಿದ್ದವು. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದಳು. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ನನ್ನನ್ನು ಕೂಗಿದಳು.

"ಆಯಿ, ಇಲ್ಲಿ ಬಂದು ನೋಡು."

ಹಾಲು ಹಾಕದ ಕಡಕ್ ಚಹಾದ ಬಣ್ಣ. ಅವಳ ತಾಯಿ, ನನ್ನ ಸೊಸೆ ವಿಮಲಾ ಇಣುಕಿ ನೋಡಿ, "ಕಾಮಣಿ ಆಗ್ಯಾದ" ಎಂದಳು. ಕಾಮಾಲೆಗೆ ನಮ್ಮಲ್ಲಿ ಕಾಮಣಿ ಅನ್ನುತ್ತೇವೆ. ವಾಂತಿ ಇತ್ತು, ಹಸಿವು ಸತ್ತಿತ್ತು, ಬಣ್ಣ ಹೀಗೆ. ಇನ್ನೇನು ತಿಳಿಯಬೇಕು? ಔರಾದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಡಾಬಕಾದ ಕಡೆ ಕಾಮಣಿಗೆ ಔಷಧ ಕೊಡುವವರೊಬ್ಬರು ಇದ್ದರು. ಅವರು ಭಾನುವಾರ ಮಾತ್ರ ಕೊಡುತ್ತಿದ್ದರು. ಅವತ್ತು ಶನಿವಾರ, ದಿನ ಪೂರ್ತಿ ಕಾದೆವು. ಭಾನುವಾರ ಚರ್ಚಿಗೆ ಹೋಗದೆ ಜೀಪು ಮಾಡಿಕೊಂಡು ಹೊರಟೆವು.

ಅವರ ಅಂಗಳದಲ್ಲಿ ಸಾಲಾಗಿ ಜನ ಕೂತಿದ್ದರು. ಅರೆದ ಸೊಪ್ಪನ್ನು ಮಜ್ಜಿಗೆಯಲ್ಲಿ ಕುಡಿಸಿ ಅವರು ಪಥ್ಯ ಹೇಳಿದರು. ಉಪ್ಪಿಲ್ಲ, ಎಣ್ಣೆಯಿಲ್ಲ, ರಾತ್ರಿಯವರೆಗೆ ಮತ್ತೇನೂ ಬಾಯಿಗೆ ಹಾಕುವಂತಿಲ್ಲ. ಉಪವಾಸದ ಮೇಲೆ ಇನ್ನೊಂದು ಉಪವಾಸ. ವಾಪಸು ಜೀಪಿನ ಹತ್ತಿರ ಬರುವಾಗ ಶಾಲಿನಿ ನನ್ನ ಸೆರಗು ಜಗ್ಗಿದಳು. ಅವಳ ಮುಖ ಊದಿತ್ತು.

"ಆಯಿ, ನಿನ್ನಿ ಸಂಜಿಯಿಂದ ಉಚ್ಚಿನೇ ಬಂದಿಲ್ಲ."

"ಒಂದ್ ಸಲಾನೂ?"

"ಒಂದ್ ಹನಿನೂ ಇಲ್ಲ."

ನಾಲ್ಕು ಮಕ್ಕಳನ್ನು ಹೆತ್ತವಳು ನಾನು. ಕೂಸು ಉಣ್ಣದಿದ್ದರೆ ಒಂದು ಹೊತ್ತು ತಡೆಯಬಹುದು, ಉಚ್ಚೆ ಹೊಯ್ಯದಿದ್ದರೆ ತಡೆಯಲಾಗದು ಎಂಬುದು ತಾಯಂದಿರಿಗೆಲ್ಲ ಗೊತ್ತು. "ಗಾಡಿ ಭಾಲ್ಕಿಗೆ ಬ್ಯಾಡ, ಬೀದರಿಗೆ ಹೊಡಿ" ಎಂದೆ. ಸುಧಾಕರ, "ಔಷಧ ಹತ್ತಲಿ, ನಾಳಿ ನೋಡಮು" ಎಂದ. ನಾನು ಜೀಪಿನ ಬಾಗಿಲು ಹಿಡಿದು ನಿಂತುಬಿಟ್ಟೆ. ಜನವಾಡದ ಹತ್ತಿರ ಗಾಡಿ ನಿಲ್ಲಿಸಬೇಕಾಯಿತು. ಅವಳು ಆ ಸೊಪ್ಪನ್ನೆಲ್ಲ ವಾಂತಿ ಮಾಡಿ ರಸ್ತೆಯ ಪಕ್ಕ ಕುಸಿದಳು. ಸುಧಾಕರ ಅವಳನ್ನು ಎತ್ತಿಕೊಂಡ. ಚಿಕ್ಕವಳಿದ್ದಾಗ ಎತ್ತಿದ್ದು ಬಿಟ್ಟರೆ ಅವತ್ತೇ.

ಬೀದರಿನ ಆಸ್ಪತ್ರೆಯಲ್ಲಿ ಉಚ್ಚೆ ಇಳಿಯಲು ನಳಿಕೆ ಹಾಕಿ ಮಂಚಕ್ಕೆ ಒಂದು ಚೀಲ ಕಟ್ಟಿದರು. ಚೀಲ ಒಣಗಿಯೇ ಇತ್ತು. ರಕ್ತ ತೆಗೆದುಕೊಂಡು ಹೋದರು. ಕಿಡ್ನಿ ನೋಡುವ ಡಾಕ್ಟರಮ್ಮ ಬಂದರು, ನನ್ನ ಸೊಸೆಯ ವಯಸ್ಸಿನವರು. ಸುಧಾಕರನ ಕಡೆ ನೋಡದೆ ನನ್ನ ಪಕ್ಕದಲ್ಲೇ ಕೂತರು.

"ಆಯಿ, ಇದು ಕಾಮಣಿ ಅಲ್ರಿ. ಕಾಲಿನ ಮಾಂಸಖಂಡ ಒಡದಾವ. ಒಡದಿದ್ದು ರಕ್ತದಾಗ ಸೇರಿ ಕಿಡ್ನಿಗೆ ಹೋಗಿ ಸಿಕ್ಕೊಂಡದ. ಮೈಯಾಗ ನೀರಿದ್ದಿದ್ರ ತೊಳಕೊಂಡು ಹೋಗ್ತಿತ್ತು. ನೀರಿರಲಿಲ್ಲ. ಮ್ಯಾಲೆ ನೋವಿನ ಗುಳಗಿ ಬ್ಯಾರೆ."

"ಬೈಠಕ್ ಹೊಡದ್ರ ಕಿಡ್ನಿ ಹೋಗ್ತಾವೇನ್ರಿ?"

"ಉಂಡು, ನೀರು ಕುಡಿದು ಹೊಡಿಯೋರಿಗೆ ಸಾಮಾನ್ಯವಾಗಿ ಏನೂ ಆಗಲ್ರಿ. ಬಿಸಲು, ಖಾಲಿ ಹೊಟ್ಟಿ, ನೀರಿಲ್ಲ, ಮ್ಯಾಲೆ ಇಷ್ಟು ಹಟ. ಎಲ್ಲಾ ಕೂಡಿ ಬಂದಾವ."

"ಮತ್ತ ಬರ್ತಾವೇನ್ರಿ ಕಿಡ್ನಿ?"

"ಭಾಳ ಮಂದಿಗೆ ಬರ್ತಾವ. ಎಲ್ಲಾರಿಗೂ ಬರಲ್ಲ. ಉಚ್ಚಿ ಬರೋ ತನಾ ಮಷೀನ್ ಮ್ಯಾಲೆ ರಕ್ತ ತೊಳಿಬೇಕು. ಕಾಯೋಣ" ಎಂದರು.

ನನಗೆ ಅಡುಗೆಮನೆಯ ಲೆಕ್ಕದಲ್ಲೇ ತಿಳಿಯಿತು. ಅನ್ನ ಬಸಿಯುವ ಜರಡಿಯ ಕಣ್ಣಿಗೆ ಗಂಜಿ ಮೆತ್ತಿ ಒಣಗಿದರೆ ನೀರು ಇಳಿಯುವುದಿಲ್ಲ. ಬಲವಾಗಿ ತಿಕ್ಕಿದರೆ ಜರಡಿ ಹರಿಯುತ್ತದೆ. ನೆನೆಹಾಕಿ ಕಾಯಬೇಕು. ಎಷ್ಟು ಹೊತ್ತು ಎಂದು ಕೇಳಿದರೆ ಜರಡಿ ಹೇಳುತ್ತದೆಯೇ?

ರಕ್ತ ತೊಳೆಯುವ ಮಷೀನಿಗೆಂದು ಕುತ್ತಿಗೆಯಲ್ಲಿ ನಳಿಕೆ ಹಾಕುವಾಗ ನಮ್ಮನ್ನು ಹೊರಗೆ ಕಳಿಸಿದರು. ಒಳಗಿಂದ ಅವಳ ದನಿ ಕೇಳಿಸಿತು. "ಆಯಿ" ಎಂದು ಒಂದೇ ಸಲ ಕೂಗಿದಳು. ವಿಮಲಾ ಗೋಡೆಗೆ ತಲೆ ಹಚ್ಚಿ ನಿಂತಿದ್ದಳು. ನಾನು ಹತ್ತಿರ ಹೋಗಿ ಬೆನ್ನ ಮೇಲೆ ಕೈ ಇಟ್ಟೆ. ಅವಳು ಕೈ ಕೊಡವಿ ತಿರುಗಿದಳು.

"ಅವತ್ತು ಸಾಕ್ಷಿ ಹೇಳಿದ್ರಲ್ಲ ಅತ್ತಿ, ಹೇಳ್ರಿ ಈಗ! ಎದ್ದು ನಿಂತು ಹೇಳ್ರಿ!"

ಬೆಂಚಿನ ಮೇಲಿದ್ದ ಪರ ಊರಿನವರೆಲ್ಲ ನನ್ನ ಕಡೆ ನೋಡಿದರು. ಸುಧಾಕರ, "ಕಾಮಣಿ ಅಂತ ಹೇಳಿದವಳು ನೀನೇ ಅಲ್ಲೇನು?" ಎಂದು ಅವಳ ಮೇಲೆ ಹೋದ. ಅವಳು, "ನಾಳಿ ನೋಡಮು ಅಂದವರು ಯಾರು?" ಎಂದಳು. ಮೂವರೂ ಮೂರು ಮೂಲೆ ಹಿಡಿದೆವು. ಸ್ವಲ್ಪ ಹೊತ್ತಾದ ಮೇಲೆ ವಿಮಲಾ ಎರಡು ಚಹಾ, ಒಂದು ಬನ್ ತಂದು ನನ್ನ ಪಕ್ಕ ಕೂತಳು. ಬನ್ ಮುರಿದು ದೊಡ್ಡ ಚೂರನ್ನು ನನ್ನ ಕೈಯಲ್ಲಿಟ್ಟಳು. ನಮ್ಮ ನಡುವೆ ಆಗಬೇಕಾದ ರಾಜಿ ಅಷ್ಟರಲ್ಲೇ ಆಯಿತು.

ಡಯಾಲಿಸಿಸ್ ಕೋಣೆಯಲ್ಲಿ ಅವಳ ಪಕ್ಕದ ಮಂಚ ಕಮಠಾಣದ ಮಹಬೂಬ ಚಾಚಾನದು. ಸೈಕಲ್ ರಿಪೇರಿ ಮಾಡುತ್ತಿದ್ದ ಮುದುಕ. ವರ್ಷಗಳಿಂದ ಮಷೀನಿನ ಮೇಲೆಯೇ ಬದುಕು. ಅವರ ಕೈಯ ನರಗಳು ಹಗ್ಗದ ಹಾಗೆ ಗಂಟುಗಟ್ಟಿದ್ದವು. ಮೊದಲ ದಿನವೇ ನನ್ನನ್ನು ಕೇಳಿದರು.

"ಆಪಾ, ಪೋರಿಗೆ ಪೇಶಾಬ್ ಬಂದದೇನ್ರಿ?"

"ಇಲ್ರಿ ಭಾಯಿ."

"ಬರ್ತದ. ಸಣ್ಣ ವಯಸ್ಸದ. ನಂದು ಬರಲ್ಲ, ಬರೋದು ಬಿಟ್ಟು ಬರಸ್ಗಟ್ಲೆ ಆಯ್ತು. ನಮ್ಮ ಮನಿಯಾಗ ನನಗ ಸಂಡಾಸದ ಖರ್ಚೇ ಇಲ್ಲ ನೋಡ್ರಿ" ಎಂದು ನಕ್ಕರು. ಆ ಕೋಣೆಯಲ್ಲಿ ನಗುತ್ತಿದ್ದವರು ಅವರೊಬ್ಬರೇ.

ಕಿಡ್ನಿ ನಿಂತವರಿಗೆ ನೀರು ವಿಷವಂತೆ, ಹೊರಗೆ ಹೋಗಲು ದಾರಿಯಿಲ್ಲವಲ್ಲ. ದಿನಕ್ಕೆ ಇಷ್ಟೇ ಎಂದು ಸಣ್ಣ ಲೋಟದಲ್ಲಿ ಕೊಡುತ್ತಿದ್ದರು. ಮೂರು ಗಂಟೆಯವರೆಗೆ ನೀರು ಮುಟ್ಟದೆ ಹಟ ಹಿಡಿದಿದ್ದ ಹುಡುಗಿ ಈಗ ನನ್ನ ಕೈ ಹಿಡಿದು ಬೇಡುತ್ತಿದ್ದಳು.

"ಒಂದ್ ಗುಟುಕು ಆಯಿ. ಯಾರಿಗೂ ಹೇಳಂಗಿಲ್ಲ. ಒಂದೇ ಗುಟುಕು."

"ಡಾಕ್ಟರಮ್ಮ ಬ್ಯಾಡ ಅಂದಾರವ್ವ."

"ನಿನಗ ನನ್ನ ಮ್ಯಾಲೆ ಸಿಟ್ಟದೇನು? ನಾ ಅವತ್ತು ನಿನ್ನ ರೊಟ್ಟಿ ತಿನಲಿಲ್ಲಂತ?"

ಊರ ಮಕ್ಕಳಿಗೆಲ್ಲ ಬಡಿಸಿದ ಕೈ ಇದು. ಬೇಡ ಎಂದ ಮಗುವಿಗೂ ಇನ್ನೊಂದು ಸೌಟು ಹಾಕಿದ ಕೈ. ಅದೇ ಕೈಯಿಂದ ನೀರಿನ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಟ್ಟು ಕೂತೆ. ಚಾಚಾ ಪಕ್ಕದಿಂದಲೇ, "ಬರಫಿನ ಚೂರು ಇಡ್ರಿ ಆಪಾ, ನಾಲಿಗಿಗೆ ಭಾಳ ಹೊತ್ತು ಇರ್ತದ" ಎಂದು ಉಪಾಯ ಹೇಳಿಕೊಟ್ಟರು. ಸಿಸ್ಟರನ್ನು ಕೇಳಿ ಕಡಲೆಕಾಳಿನಷ್ಟು ಐಸು ಇಟ್ಟೆ. ಅವಳು ಕಣ್ಣು ಮುಚ್ಚಿ ಅದನ್ನು ಚೀಪಿದ್ದನ್ನು ಈಗ ನೆನೆಸಿಕೊಂಡರೂ ನನಗೆ ಊಟ ಇಳಿಯುವುದಿಲ್ಲ.

ಒಂದು ದಿನ ಎದೆಯ ಮಷೀನು ಒಮ್ಮೆಲೇ ಕೂಗತೊಡಗಿತು. ಸಿಸ್ಟರುಗಳು ಓಡಿ ಬಂದು ಪರದೆ ಎಳೆದರು. ರಕ್ತದಲ್ಲಿ ಏನೋ ಉಪ್ಪು ಏರಿ ಹೃದಯದ ಬಡಿತ ದಾರಿ ತಪ್ಪಿತ್ತಂತೆ. ಪರದೆಯ ಕೆಳಗೆ ಓಡಾಡುವ ಕಾಲುಗಳನ್ನು ಮಾತ್ರ ನೋಡುತ್ತ ನಿಂತೆ. ಆ ಕಾಲುಗಳ ಓಡಾಟ ನಿಧಾನವಾಯಿತು. ನಿಧಾನವಾಗಿದ್ದು ಉಳಿದಳೆಂದೋ ಹೋದಳೆಂದೋ ತಿಳಿಯುವವರೆಗಿನ ಆ ಹೊತ್ತನ್ನು ನನ್ನ ವೈರಿಗೂ ಬಯಸುವುದಿಲ್ಲ. ಒಬ್ಬ ಸಿಸ್ಟರ್ ಪರದೆ ಸರಿಸಿ, "ಬರ್ರಿ ಆಯಿ, ಮಾತಾಡ್ತಾಳ" ಎಂದಳು. ಅವಳು ಯಾವ ಊರಿನವಳೋ, ಅವಳ ಹೊಟ್ಟೆ ತಣ್ಣಗಿರಲಿ.

ಗುಡ್ ಫ್ರೈಡೇ ಬಂತು, ಹೋಯಿತು. ಈಸ್ಟರ್ ಬಂತು, ಹೋಯಿತು. ಚೀಲ ಒಣಗಿಯೇ ಇತ್ತು. ಈಸ್ಟರ್ ಭಾನುವಾರ ಉಚ್ಚೆ ಬಂದೇ ಬರುತ್ತದೆ ಎಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಚರ್ಚಿನ ಹೆಂಗಸರು ಭಾಲ್ಕಿಯಿಂದ ಬಂದು ಮಂಚದ ಸುತ್ತ ನಿಂತು ಹಾಡಿದರು. ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಿದ್ದಾಕೆ ಹೋಗುವಾಗ ಮೆಲ್ಲಗೆ, "ಉಪವಾಸ ಇದ್ದ ಕೂಸಿಗೆ ದೇವರು ಹಿಂಗ್ಯಾಕ ಮಾಡಿದ?" ಎಂದಳು. ದೇವರು ಮಾಡಿದ್ದಲ್ಲವೆಂದು ನನಗೆ ಗೊತ್ತಿತ್ತು. ಅವತ್ತು ಹೇಳದೆ ಅವಳನ್ನು ಬಾಗಿಲವರೆಗೆ ಬಿಟ್ಟು ಬಂದೆ.

ಅದೇ ವಾರ ಪೊಲೀಸ್ ಓಟದ ದಿನ ಬಂತು. ಜೊತೆಯವರೆಲ್ಲ ಹೋಗಿದ್ದರು. ಎತ್ತರದ ಹುಡುಗಿ ಪಾಸಾದಳೆಂದು ಮೊಬೈಲಿಗೆ ಸುದ್ದಿ ಬಂತು. ಶಾಲಿನಿ ಓದಿ, "ಚಲೋ ಆಯ್ತು" ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದಳು. ಅವಳ ತೊಡೆಗಳು ಅಷ್ಟರಲ್ಲಿ ಕರಗಿ ನನ್ನ ತೋಳಿನಷ್ಟಾಗಿದ್ದವು. ಡಾಕ್ಟರಮ್ಮ ವಿಮಲಾಳನ್ನು ಹೊರಗೆ ಕರೆದು, ಇನ್ನೂ ಕೆಲವು ವಾರ ಹೀಗೇ ಉಳಿದರೆ ಮುಂದೆ ಮಷೀನಿನ ಮೇಲೆಯೇ ಇರಬೇಕಾದೀತು ಎಂದಿದ್ದರು. ವಿಮಲಾ ಅದನ್ನು ನನಗೆ ಹೇಳಲಿಲ್ಲ. ಅವಳು ಚಾಚಾನ ಕೈಯ ನರಗಳನ್ನು ನೋಡುತ್ತ ನಿಂತಿದ್ದನ್ನು ಕಂಡು ನನಗೇ ತಿಳಿಯಿತು.

ಬಂದದ್ದು ಯಾವ ಹಬ್ಬವೂ ಅಲ್ಲದ ಒಂದು ಮಧ್ಯಾಹ್ನ. ನಾನು ಅವಳ ಕಾಲು ತಿಕ್ಕುತ್ತಿದ್ದೆ. ಯಾಕೋ ಕಣ್ಣು ಚೀಲದ ಕಡೆ ಹೋಯಿತು. ನಳಿಕೆಯ ಬಾಯಲ್ಲಿ ಒಂದು ಹನಿ ತೂಗುತ್ತಿತ್ತು. ಬಿಸಿಲಿನ ಹೊಳಪಿರಬೇಕು ಎಂದುಕೊಂಡೆ. ಬಗ್ಗಿ ನೋಡಿದೆ. ಚೀಲದ ತಳದಲ್ಲಿ ಒಂದು ಚಮಚದಷ್ಟು ಇತ್ತು, ಮಬ್ಬು ಬಣ್ಣದ್ದು.

"ಸಿಸ್ಟರ್! ಬಂತ್ರಿ! ಉಚ್ಚಿ ಬಂತ್ರಿ!"

ನನ್ನ ಕೂಗಿಗೆ ಇಡೀ ವಾರ್ಡು ಎದ್ದು ಕೂತಿತು. ಶಾಲಿನಿ ಚಾದರನ್ನು ಮುಖದ ಮೇಲೆ ಎಳೆದುಕೊಂಡಳು. "ಆಯಿ, ಸುಮ್ಮನಿರು! ಎಲ್ಲಾ ಮಂದಿ ನೋಡ್ತಾರ!"

"ನೋಡ್ಲಿ! ಕರದು ತೋರಸ್ತೇನಿ!"

ಸಿಸ್ಟರ್ ಚೀಲವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಗಲ್ಲ ಹಿಂಡಿದಳು. ಇಷ್ಟಕ್ಕೇ ಏನೂ ಹೇಳಲಾಗದು, ನಾಳೆ ನೋಡೋಣ ಎಂದಳು. ಮರುದಿನ ಅಂಗೈ ತುಂಬುವಷ್ಟು ಬಂತು. ಅದರ ಮರುದಿನ ಲೋಟ ತುಂಬ. ಆಮೇಲೆ ಹಳ್ಳ ಬಿಟ್ಟ ಹಾಗೆ ಬಂತು ನೋಡಿ, ಚೀಲ ಬದಲಿಸಿ ಬದಲಿಸಿ ಸಿಸ್ಟರುಗಳಿಗೆ ಸಾಕಾಯಿತು. ಈಗ ನೀರು ಕುಡಿ, ಕುಡಿ ಎಂದು ಅವರೇ ಹಿಂದೆ ಬಿದ್ದರು. ನಾನು ಸೆರಗಿನೊಳಗಿನ ಬಾಟಲಿ ತೆಗೆದು ಅವಳ ಬಾಯಿಗೆ ಹಿಡಿದೆ. ಅವಳು ಗಟಗಟ ಕುಡಿಯುತ್ತಿದ್ದರೆ ವಿಮಲಾ, ನಾನು ಒಬ್ಬರನ್ನೊಬ್ಬರು ಹಿಡಿದುಕೊಂಡು ಹುಚ್ಚರ ಹಾಗೆ ನಕ್ಕೆವು, ಅತ್ತೆವು.

ಕೊನೆಯ ಸಲ ಡಯಾಲಿಸಿಸ್ ಕೋಣೆಗೆ ಹೇಳಿಬರಲು ಹೋದಾಗ ಚಾಚಾ ಅವಳ ತಲೆಯ ಮೇಲೆ ಕೈ ಇಟ್ಟರು. "ನನ್ನ ಪಾಲಿಂದೂ ನೀನೇ ಹೊಯ್ಯಿ ಬೇಟಿ" ಎಂದರು. ನಕ್ಕರು, ಆದರೆ ಕಣ್ಣು ನಗಲಿಲ್ಲ. ತಪಾಸಣೆಗೆ ಹೋದಾಗಲೆಲ್ಲ ನಾವು ಅವರ ಮಂಚದ ಹತ್ತಿರ ನಿಂತು ಬರುತ್ತೇವೆ. ಪ್ರತಿ ಸಲ ಮೊದಲಿಗಿಂತ ಸಣ್ಣಗಾಗಿರುತ್ತಾರೆ. ನಮ್ಮ ಸಂತೋಷವನ್ನು ಅವರ ಮುಂದೆ ಹೇಗೆ ಹಿಡಿದುಕೊಂಡು ನಿಲ್ಲಬೇಕೆಂದು ನನಗೆ ಇನ್ನೂ ತಿಳಿದಿಲ್ಲ.

ಮನೆಗೆ ಬಂದ ಮೇಲೂ ಎಲ್ಲ ಒಮ್ಮೆಲೇ ಸರಿಹೋಗಲಿಲ್ಲ. ಮೆಟ್ಟಿಲು ಏರಲು ಅವಳಿಗೆ ನನ್ನ ಕೋಲು ಬೇಕಾಯಿತು, ನಾನು ಗೋಡೆ ಹಿಡಿದು ನಡೆದೆ. ಕೂದಲು ಉದುರಿತು. ಪೊಲೀಸ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಡಾಕ್ಟರಮ್ಮನನ್ನು ಅವಳೇ ಕೇಳಿದಳು, "ನಾ ಮತ್ತ ಓಡಬಹುದೇನ್ರಿ?"

"ಸಾವಕಾಶ ಓಡು. ಉಪವಾಸ ಮಾಡೋರು ಮಾಡ್ಲಿ, ಹಗುರ ನಡೀಲಿ, ನೀರು ಕುಡೀಲಿ. ನೀ ಮಾತ್ರ ಬ್ಯಾಡ. ಮೈ ದುಡಿಸೋ ದಿನ ಮೈಗೆ ಉಣಿಸು. ಸಾಕು ಅಂತ ಕಾಲು ಹೇಳಿದ್ರ ಕೇಳು."

ನನ್ನ ಕಡೆ ತಿರುಗಿ, "ಆಯಿ, ಕಾವಲು ನಿಮ್ದೇ" ಎಂದರು.

ಚರ್ಚಿನಲ್ಲಿ ಸ್ತೋತ್ರದ ಪ್ರಾರ್ಥನೆ ಇಟ್ಟುಕೊಂಡೆವು. ಈ ಸಲ ಎದ್ದು ನಿಲ್ಲುವ ಮೊದಲು ಶಾಲಿನಿಯನ್ನು ಕೇಳಿದೆ.

"ಸಾಕ್ಷಿ ಹೇಳ್ಲೇನವ್ವ?"

"ಹೇಳು. ಬಣ್ಣ ಮಾತ್ರ ಹೇಳಬ್ಯಾಡ."

ಎಲ್ಲವನ್ನೂ ಹೇಳಿದೆ. ಮೊಬೈಲಿನ ಉಪವಾಸ, ಅದನ್ನು ನಾನು ದೇವರ ಹೆಸರಿಗೆ ಹಚ್ಚಿದ್ದು, ಕಾಮಣಿ ಎಂದು ತಿರುಗಿದ್ದು, ಒಣಗಿದ ಚೀಲ, ಒಂದು ಹನಿ. ಉಚ್ಚೆ ಎಂಬ ಮಾತು ಬಂದಾಗ ಪಾಸ್ಟರರು ಕೆಮ್ಮಿದರು. ನಾನು ಇನ್ನೊಮ್ಮೆ ಜೋರಾಗಿ ಹೇಳಿದೆ. ಹಿಂದಿನ ಸಾಲಿನ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಕೂಟ ಮುಗಿದ ಮೇಲೆ ಅವರಲ್ಲಿ ಒಬ್ಬಳು ನನ್ನ ಹತ್ತಿರ ಬಂದು, ತಾನೂ ಓಟಕ್ಕಾಗಿ ಹೊಟ್ಟೆ ಕಟ್ಟುತ್ತಿದ್ದೇನೆ, ಎರಡು ದಿನದಿಂದ ಕಾಲು ಬಿಗಿದಿದೆ ಎಂದಳು. ಅವಳಿಗೆ ಮೊದಲು ಒಂದು ತಂಬಿಗೆ ನೀರು ಕುಡಿಸಿದೆ. ಆಮೇಲೆ ಅವಳ ತಾಯಿಯನ್ನು ಕರೆದು, "ಇವತ್ತೇ ದವಾಖಾನಿಗೆ ಕರಕೊಂಡು ಹೋಗು, ನಾಳಿ ನೋಡಮು ಅನ್ನಬ್ಯಾಡ" ಎಂದೆ.

ಮೊನ್ನೆ ಮುಂಜಾನೆ ಶಾಲಿನಿ ಬಾಳೆಹಣ್ಣು ತಿಂದು, ಅಂಬಲಿ ಕುಡಿದು ಸ್ವಲ್ಪ ಹೊತ್ತು ಕೂತು, ಆಮೇಲೆ ಮೈದಾನಕ್ಕೆ ಹೊರಟಳು. ನಾನು ಬೇವಿನ ಕೆಳಗೆ ಕೂತೆ. ಒಂದು ಸುತ್ತು ಓಡಿದಳು. ಓಟ ಎನ್ನುವ ಹಾಗಿರಲಿಲ್ಲ, ದನ ಕಾಯುವವರು ಅವಳಿಗಿಂತ ಬೇಗ ನಡೆಯುತ್ತಾರೆ. ಸುತ್ತು ಮುಗಿಸಿ ತಾನೇ ನಿಂತು ಬಾಟಲಿಗೆ ಕೈ ಚಾಚಿದಳು. ನಾನು ಚಪ್ಪಲಿ ಹಿಡಿದ ಕೈ ಬೀಸಿದೆ.

ಮನೆಗೆ ಬಂದವಳೇ ಬಚ್ಚಲಿಗೆ ಹೋದಳು. ವಿಮಲಾ ಮಿಕ್ಸರ್ ನಿಲ್ಲಿಸಿದಳು. ಸುಧಾಕರ ಟಿ.ವಿ. ಸಣ್ಣ ಮಾಡಿದ. ನಾನು ಬಾಗಿಲ ಹತ್ತಿರ ಹೋಗಿ ನಿಂತೆ.

"ಆಯಿ, ಅಲ್ಲೇ ನಿಂತಿಯಲ್ಲ?" ಒಳಗಿಂದ ಕೇಳಿದಳು.

"ಇಲ್ಲವ್ವ. ಸುಮ್ಮನ ಹಾದು ಹೊಂಟಿದ್ದೆ. ಬಣ್ಣ ಹ್ಯಾಂಗದ?"

"ನೀರು ಇದ್ದಂಗದ. ಇದನ್ನೂ ಸಾಕ್ಷಿ ಹೇಳ್ತಿಯೇನು?"

"ಹೇಳ್ತೇನಿ. ನೀ ಮೊದಲ ಪೂರಾ ಮುಗಿಸು."